ನಮ್ಮತ್ತೆಯ ಮನೆಗೆ ನಾಲ್ಕು ಗಾಲಿ

ಖಾಯಂ ವಿಳಾಸವಿಲ್ಲದವರು ಈ ಲೋಕದಲ್ಲಿ ಮೂರೇ ಬಗೆ: ಸನ್ಯಾಸಿಗಳು, ತಲೆಮರೆಸಿಕೊಂಡವರು ಮತ್ತು ನಮ್ಮ ಸೋದರತ್ತೆ! ಮೊದಲಿನ ಇಬ್ಬರು ಎಷ್ಟೋ ವಾಸಿ. ಅವರು ನೆಂಟರ ಮನೆಗೆ ಬಂದು ಸ್ನಾನಕ್ಕೆ ಎಷ್ಟು ನೀರು ಸುರಿದಿರಿ ಎಂದು ಕೇಳುವುದಿಲ್ಲ.

ಅಪ್ಪನಿಗೆ ಇರುವುದು ಇವರೊಬ್ಬರೇ ತಂಗಿ. ರಿಟೈರ್ ಆದ ಮೇಲೆ ಅತ್ತೆ-ಮಾವ ಸಿಂಗಪುರದ ಬಿಶಾನಿನಲ್ಲಿದ್ದ ಫ್ಲ್ಯಾಟ್ ಮಾರಿ, ಗಡಿಯಾಚೆಯ ಜೋಹೋರಿನಲ್ಲಿ ಹಾಸಿಗೆ, ಒಲೆ, ಸಿಂಕ್ ಎಲ್ಲ ಇರುವ ವ್ಯಾನೊಂದನ್ನು ಕೊಂಡು, ಅದರಲ್ಲೇ ಸಂಸಾರ ಹೂಡಿ ಮಲೇಷ್ಯಾ ಸುತ್ತತೊಡಗಿದರು. ಫೋನ್ ಮಾಡಿದರೆ, "ಮನೇಲೇ ಇದೀನಿ ಕಣೇ" ಅನ್ನುತ್ತಾರೆ. ಮನೆ ಎಲ್ಲಿದೆ ಎಂದು ನಾವು ಬೇರೆ ಕೇಳಬೇಕು!

"ಇವತ್ತು ಮಲಕ್ಕಾದಲ್ಲಿ. ನಾಳೆ ನಿಮ್ಮ ಮಾವನ ಮೂಡ್ ನೋಡ್ಬೇಕು."

ಇಂಥ ವ್ಯಾನುಗಳನ್ನು ಸಿಂಗಪುರ ಒಳಕ್ಕೆ ಬಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಅತ್ತೆ ತಮ್ಮ ಮನೆಯನ್ನು ಜೋಹೋರಿನಲ್ಲಿ ಪಾರ್ಕ್ ಮಾಡಿ, ಬಸ್ಸಿನಲ್ಲಿ ಸೇತುವೆ ದಾಟಿ ಹೌಗಾಂಗಿನ ನಮ್ಮ ಫ್ಲ್ಯಾಟಿಗೆ ಬರುತ್ತಾರೆ. ಮನೆ ಬಿಟ್ಟು ಬಂದರೂ ಅಭ್ಯಾಸ ಬಿಡಬೇಕಲ್ಲ? ನಮ್ಮ ಅಡುಗೆಮನೆಯ ಕಪಾಟುಗಳಿಗೆಲ್ಲ ರಬ್ಬರ್ ಬ್ಯಾಂಡ್ ಬಿಗಿಯುತ್ತಾರೆ, ಪಾತ್ರೆ ಉರುಳೀತಂತೆ! ಎರಡೇ ಚೊಂಬಿನಲ್ಲಿ ಸ್ನಾನ ಮುಗಿಸುತ್ತಾರೆ, ಟ್ಯಾಂಕ್ ಖಾಲಿಯಾದೀತಂತೆ!

"ಅಜ್ಜಿ, ದಿಸ್ ಹೌಸ್ ಕೆನಾಟ್ ಮೂವ್ ಲಾ!" ಎಂದು ನನ್ನ ಮಗಳು ತಿಳಿವಳಿಕೆ ಹೇಳಿದಳು.

"ಅದೇ ಪುಟ್ಟಿ, ಇದ್ರ ಪ್ರಾಬ್ಲಮ್ಮು" ಎಂದರು ಅತ್ತೆ, ನಮ್ಮೆಲ್ಲರನ್ನೂ ಮರುಕದಿಂದ ನೋಡುತ್ತಾ.

ಅಪ್ಪನಿಗೆ ಮಾತ್ರ ಇದು ನಗುವ ವಿಷಯವಲ್ಲ. ಅವರ ಪ್ರಕಾರ ಮನೆ ಎಂದರೆ ಬ್ಲಾಕ್ ನಂಬರ್, ಲಿಫ್ಟ್, ಕೆಳಗೆ ವಾಯ್ಡ್ ಡೆಕ್ ಎಂಬ ಖಾಲಿ ಪಡಸಾಲೆ, ಅಲ್ಲಿ ದಿನಾ ಅದೇ ಬೆಂಚಿನ ಮೇಲೆ ಕೂರುವ ಅದೇ ಅಂಕಲ್. ಮೊದಲ ಸಲ ನಾವು ವ್ಯಾನ್ ನೋಡಲು ಹೋದಾಗ ಅತ್ತೆ ಕಾಲೊರಸು ಹಾಸಿ, ಕಾದು ನಿಂತಿದ್ದರು. ಅಪ್ಪ ಚಪ್ಪಲಿ ಕಾಲಲ್ಲೇ ಸರಸರ ಹತ್ತಿಬಿಟ್ಟರು.

"ಅಣ್ಣಾ, ಚಪ್ಪಲಿ..."

"ಬಸ್ ಹತ್ತೋಕೆ ಯಾರಾದ್ರೂ ಚಪ್ಪಲಿ ಬಿಡ್ತಾರೇನೇ?"

ಅತ್ತೆ ನಕ್ಕರು. ನಾವು ಹೊರಟ ಮೇಲೆ ಅವರು ನೆಲ ಒರೆಸುತ್ತಿದ್ದದ್ದು ನನಗೆ ವ್ಯಾನಿನ ಕಿಟಕಿಯಲ್ಲಿ ಕಂಡಿತು. ಆಗ ನಗುತ್ತಿರಲಿಲ್ಲ.

ಗೌರಿ ಹಬ್ಬಕ್ಕೆ ಅಣ್ಣನಾದವನು ತಂಗಿಯ ಮನೆಗೆ ಬಾಗಿನ ಒಯ್ಯಬೇಕು. ಅಪ್ಪ ಬಿಶಾನಿಗೆ ತಪ್ಪದೆ ಒಯ್ಯುತ್ತಿದ್ದರು. ವ್ಯಾನ್ ಬಂದದ್ದೇ ತಡ, ನಿಲ್ಲಿಸಿದರು. ಬೇಕಾದರೆ ಅತ್ತೆಯೇ ಬಂದು ಇಸಿದುಕೊಂಡು ಹೋಗಬೇಕು. "ಬಾಗಿನ ಕೊಡೋದು ಮನೆಗೆ, ಸ್ಟೆಪ್ನಿ ಟೈರಿಗಲ್ಲ!"

ಈ ವರ್ಷ ಅತ್ತೆ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿಬಿಟ್ಟರು: "ಅಣ್ಣ ನಮ್ಮನೆಗೆ ತಂದ್ರೆ ತಗೋತೀನಿ. ಇಲ್ಲಾಂದ್ರೆ ನಂಗೆ ತವರೇ ಇಲ್ಲ ಅಂದ್ಕೋತೀನಿ."

ಮಾತು ಅಪ್ಪನ ಕಿವಿಗೂ ಬಿತ್ತು. ಅಂದು ಪೂರ್ತಿ ಟಿವಿಗೆ, ಫ್ಯಾನಿಗೆ, ಕೊನೆಗೆ ಕಾಫಿಗೂ ಬೈದರು.

ಹಬ್ಬದ ಬೆಳಿಗ್ಗೆ ನೋಡಿದರೆ, ಪಂಚೆ ಉಟ್ಟು, ಅಮ್ಮ ಜೋಡಿಸಿಟ್ಟ ಬಾಗಿನದ ಮೊರಗಳನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ! "ಏನ್ ನೋಡ್ತಿದೀಯ? ಲೇಟಾದ್ರೆ ಬಸ್ಸಲ್ಲಿ ಸೀಟ್ ಸಿಗಲ್ಲ, ನಡಿ" ಎಂದು ನನ್ನ ಮೇಲೆ ರೇಗಿದರು. ಗಡಿಯಲ್ಲಿ ಅಧಿಕಾರಿ ಮೊರ ಬಿಚ್ಚಿಸಿದ. ಬಳೆ, ಬಾಚಣಿಗೆ, ರವಿಕೆ ಕಣ ನೋಡಿ, ಅಪ್ಪನ ಗಂಟುಮುಖವನ್ನೂ ನೋಡಿ, ಯಾಕೆ ಬೇಕು ಎಂಬಂತೆ ಕೈಬೀಸಿ ಕಳಿಸಿದ.

ಜೋಹೋರಿನ ಪಾರ್ಕಿಂಗ್ ಜಾಗದಲ್ಲಿ, ವ್ಯಾನಿನ ಮುಂದೆ ರಂಗೋಲಿ ಇತ್ತು. ಅರ್ಧವನ್ನು ಪಕ್ಕದ ಕಾರು ಅಳಿಸಿತ್ತು. ಫುಟ್‌ಬೋರ್ಡಿಗೆ ಅರಿಸಿನ ಕುಂಕುಮ ಹಚ್ಚಿತ್ತು. ಬಾಗಿಲಲ್ಲಿ ರೇಷ್ಮೆ ಸೀರೆಯುಟ್ಟು ನಿಂತಿದ್ದ ಅತ್ತೆ ಬಾ ಅನ್ನಲಿಲ್ಲ. ಅಣ್ಣನ ಕಾಲನ್ನೇ ನೋಡುತ್ತಿದ್ದರು.

ಬಿಸಿಲಿಗೆ ಟಾರು ಕಾದಿತ್ತು. ಅಪ್ಪ ಮೊರಗಳನ್ನು ನನ್ನ ಕೈಗೆ ಕೊಟ್ಟು, ಚಪ್ಪಲಿ ಕಳಚಿ, ಬಗ್ಗಿ ಅವನ್ನು ಪಕ್ಕಕ್ಕೆ ಜೋಡಿಸಿಟ್ಟರು.

"ಒಳಗೆ ಕರೀತೀಯೋ ಇಲ್ವೋ? ಕಾಲು ಸುಡ್ತಿದೆ ಕಣೇ!"

  ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಅತ್ತೆ ಅಣ್ಣನ ಕೈ ಹಿಡಿದು ಮನೆಯೊಳಕ್ಕೆ ಕರೆದುಕೊಂಡರು.