ಎಲೆ ಬಿಡಬಾರದ ಬಳ್ಳಿ

ಗಿಡದ ಹೆಸರನ್ನೇ ನೆಟ್ಟಗೆ ಹೇಳಲು ಬಾರದವರು ಗಿಡದ ಕತೆ ಹೇಳಹೊರಡುವುದು ಅಧಿಕಪ್ರಸಂಗ. ಬಲ್ಲವರು ಮನ್ನಿಸಬೇಕು. ಆದರೂ ಹೊಳಲ್ಕೆರೆಯ ಗುಮಾಸ್ತ ಪ್ರಸನ್ನಕುಮಾರನಿಗೆ ಆ ಭಾನುವಾರ ಒದಗಿದ ಪಾಡನ್ನು ಹೇಳದೆ ಇರುವುದೂ ಕಷ್ಟ.

ಎಲ್ಲಕ್ಕೂ ಕಾರಣ ಒಂದು ಚಟ್ನಿ. ಪಕ್ಕದ ಮನೆಯ ಮರುಳಸಿದ್ದಮ್ಮ ಬೆಳಿಗ್ಗೆ ಬಿಸಿ ರೊಟ್ಟಿಯ ಮೇಲೆ ಹಾಕಿ ತಂದುಕೊಟ್ಟಿದ್ದಳು. ಪ್ರಸನ್ನ ಬೆರಳು ನೆಕ್ಕುತ್ತ, "ಏನಮ್ಮ ಇದು, ಇಷ್ಟು ರುಚಿ?" ಎಂದ.

"ಮಂಗರವಳ್ಳಿ ಕಣಪ್ಪ. ಮಂಡಿನೋವಿಗೆ ಒಳ್ಳೇದು. ನಿನ್ ಜಗಲಿ ಮ್ಯಾಲೇ ನೇತಾಡ್ತಿತ್ತಲ್ಲ, ಕುಯ್ಕಂಡೆ."

ಪ್ರಸನ್ನ ರೊಟ್ಟಿಯನ್ನು ಅಲ್ಲೇ ಬಿಟ್ಟ. ಜಗಲಿಗೆ ಓಡಿದ. ತೂಗುಕುಂಡದಲ್ಲಿ, ಅರ್ಧ ಕ್ಷೌರಕ್ಕೇ ಎದ್ದುಬಂದ ತಲೆಯಂತೆ, ಬರೀ ಮೋಟು ಉಳಿದಿತ್ತು.

ಅದು ರಿಪ್ಸಾಲಿಸ್! ದೂರದ ಯಾವುದೋ ಮಳೆಕಾಡಿನಲ್ಲಿ ಮರದ ಕೊಂಬೆ ಹಿಡಿದು ಕೆಳಗೆ ಜೋಲುವ, ಎಲೆಯೇ ಇಲ್ಲದ ಕಳ್ಳಿ. ಅವನ ಮೇಲಧಿಕಾರಿ ಶಿವಕುಮಾರಪ್ಪನವರಿಗೆ ಮಗಳು ಕಳಿಸಿದ್ದು. ಮೊನ್ನೆ ಹಿರಿಯೂರಿಗೆ ಹೋಗುವಾಗ ಅವರು "ಜೋಪಾನ ಕಣಯ್ಯ" ಎಂದು ಇವನ ಕೈಗಿತ್ತಿದ್ದರು. ದಿನಾ ಕಚೇರಿಯಿಂದ ಬೇಗ ಕಳಿಸಿಕೊಟ್ಟು, ಚಿತ್ರದುರ್ಗದ ಸಂಜೆ ಕಾಲೇಜಿನಲ್ಲಿ ಇವನನ್ನು ಓದಿಸಿದ ಪುಣ್ಯಾತ್ಮ ಬದಲಿಗೆ ಕೇಳಿದ್ದು ಇದೊಂದೇ ಉಪಕಾರ. ಗಿಡ ಒಯ್ಯಲು ಇವತ್ತು ಸಂಜೆಯೇ ಬರುವವರಿದ್ದರು.

"ಅದು ಮರದ ಮ್ಯಾಲೆ ಬೆಳೆಯೋ ಗಿಡ ಕಣಮ್ಮ!"

"ಹಂಗಾರೆ ಬಂದಳಿಕೆ ಅನ್ನು."

"ಬಂದಳಿಕೆ ಮರದ ರಸ ಹೀರ್ತದೆ. ಇದು ಏನೂ ಹೀರಲ್ಲ, ಸುಮ್ನೆ ಕುಂತಿರ್ತದೆ."

"ಉಣ್ಣಾಕೆ ಕೇಳದೆ ಕುಂತಿರೋ ನೆಂಟ! ಅಂಥದ್ದು ಭೂಮಿ ಮ್ಯಾಲೆ ಎಲ್ಲೈತಪ್ಪ?"

ಗಲಾಟೆ ಕೇಳಿ ಎದುರುಮನೆಯ ಕುರಿ ಕರಿಯಣ್ಣ ಬಂದ. "ಲೇ, ಕಳ್ಳಿ ತಿಂದ್ಯಾ? ಬಾಯಿ ತಗಿ!" ಎಂದವನೇ ಕುರಿಗೆ ಔಷಧಿ ಹಾಕುವ ಬಿದಿರು ಗೊಟ್ಟದಲ್ಲಿ ಇವನ ಗಂಟಲಿಗೆ ಮಜ್ಜಿಗೆ ಸುರಿದ.

"ಇದ್ರಾಗೆ ಕುರಿ ಬದುಕ್ತವೇನಣ್ಣ?" ಪ್ರಸನ್ನ ಕೆಮ್ಮುತ್ತ ಕೇಳಿದ.

"ಬದುಕೋವು ಬದುಕ್ತವೆ."

ಪ್ರಸನ್ನನಿಗೆ ಪ್ರಾಣಕ್ಕಿಂತ ಗಿಡದ ಚಿಂತೆ. ಅವನ ಕಣ್ಣಲ್ಲಿ ನೀರು ಕಂಡು ಮರುಳಸಿದ್ದಮ್ಮನ ಕರುಳು ಚುರುಕ್ಕೆಂದಿತು. "ಅಳಬ್ಯಾಡ ಸುಮ್ಕಿರು. ತಾಳ್ಯದ ದಾರಿ ಬೇಲಿ ತುಂಬಾ ಮಂಗರವಳ್ಳಿ ಐತೆ. ತಂದು ನೇತಾಕಾಣ. ಯಾರಿಗ್ ಗೊತ್ತಾಗ್ತದೆ?"

ಕರಿಯಣ್ಣನ ಬೈಕಿನಲ್ಲಿ ಬಳ್ಳಿ ಬಂತು. ಗೆಣ್ಣುಗೆಣ್ಣಾದ ಅದೇ ಚೌಕದ ಕಾಂಡ. ಆದರೆ ಗೆಣ್ಣಿಗೊಂದು ಎಲೆ, ಎಲೆಗೊಂದು ಸುರುಳಿ! ಮೂವರೂ ಕುಳಿತು, ಹೇನು ಹೆಕ್ಕುವವರಂತೆ ಒಂದೊಂದನ್ನೇ ಚಿವುಟಿದರು. ರಸ ತಾಗಿದ ಬೆರಳುಗಳು ಕೆಂಡದಂತೆ ಉರಿಯತೊಡಗಿದವು. ಪರರ ಮರ್ಯಾದೆಗಾಗಿ ಹೀಗೆ ತುರಿಸಿಕೊಳ್ಳುವ ನೆರೆಯವರು ಯಾರಿಗುಂಟು ಎಂದು ಪ್ರಸನ್ನನ ಮನಸ್ಸು ತುಂಬಿ ಬಂತು.

ಸಂಜೆ ಶಿವಕುಮಾರಪ್ಪ ಬಂದರು. ಕನ್ನಡಕ ಏರಿಸಿ ಬಳ್ಳಿಯ ಗೆಣ್ಣು ಗೆಣ್ಣನ್ನೂ ಸವರಿದರು.

"ಪ್ರಸನ್ನ, ಕೈ ತೋರ್ಸು."

ಕೆಂಪೇರಿದ ಬೆರಳುಗಳನ್ನು ಚಾಚುತ್ತಲೇ ಪ್ರಸನ್ನ ಗೊಳೋ ಎಂದ. "ತಪ್ಪಾಯ್ತು ಸಾರ್. ನಿಮ್ ಗಿಡಾನ ಚಟ್ನಿ ಮಾಡ್ಕಂಡು ತಿಂದ್ಬಿಟ್ವಿ. ಇದು ಬೇಲಿ ಮಂಗರವಳ್ಳಿ."

ಶಿವಕುಮಾರಪ್ಪ ಬೀದಿಯ ಆಚೀಚೆ ನೋಡಿ, ಮೆಲ್ಲಗೆ ತಮ್ಮ ಕೈಯನ್ನೂ ಬಿಚ್ಚಿದರು. ಅವರ ಬೆರಳೂ ಕೆಂಪು!

"ನೀವು ತಿಂದಿದ್ದೂ ಅದೇ ಕಣಯ್ಯ. ಮಗಳು ಕಳಿಸಿದ್ದು ಹೋದ ಬ್ಯಾಸಿಗೇಲೇ ಒಣಗೋಯ್ತು. ಭಾನುವಾರ ಭಾನುವಾರ ವಿಡಿಯೋದಾಗೆ ಗಿಡ ತೋರ್ಸಪ್ಪ ಅಂತಾಳೆ. ನಾನೂ ಹಿಂಗೇ ಎಲೆ ಕಿತ್ತು ತೋರಿಸ್ತಿದ್ದೆ. ಮೊನ್ನೆ ನಿನ್ ಕೈಗೆ ಕೊಡೋ ಮುಂಚೇನೂ ಕಿತ್ತಿದ್ದೆ."

ಪ್ರಸನ್ನನ ಎದೆಯಿಂದ ಬಂಡೆ ಇಳಿಯಿತು. ಅಷ್ಟರಲ್ಲಿ ಅವರು ಅವನ ಭುಜ ಹಿಡಿದರು.

"ಆದ್ರೆ ನಿನ್ ಕೈ ನಂಗಿಂತ ನಯ. ಒಂದ್ ಎಲೆ ಗುರುತೂ ಬಿಟ್ಟಿಲ್ಲ. ಇನ್ಮ್ಯಾಲೆ ವಾರವಾರ ನೀನೇ ಕಿತ್ತುಕೊಡು. ನಿನ್ ಉಪಕಾರ ಸಾಯೋತಂಕ ಮರೆಯಲ್ಲ."

ಈಗಲೂ ಭಾನುವಾರ ಬಂತೆಂದರೆ ಪ್ರಸನ್ನ ಅವರ ಜಗಲಿಯಲ್ಲಿ ಕುಳಿತು, ತುರಿಸಿಕೊಳ್ಳುತ್ತ, ಕೃತಜ್ಞತೆಯಿಂದಲೇ ಎಲೆ ಚಿವುಟುತ್ತಾನೆ. ಉದ್ದವಾದ ಕುಡಿಗಳನ್ನು ಮರುಳಸಿದ್ದಮ್ಮ ಚಟ್ನಿಗೆ ಒಯ್ಯುತ್ತಾಳೆ. ಆದರೆ ಮಗಳು ಮೊದಲು ಕಳಿಸಿದ್ದು ನಿಜವಾಗಿಯೂ ರಿಪ್ಸಾಲಿಸೋ, ಇಲ್ಲ ಅಂಗಡಿಯವನೂ ಎಲೆ ಚಿವುಟಿಯೇ ಮಾರಿದ್ದನೋ, ಅದು ಮಾತ್ರ ಇವತ್ತಿಗೂ ಯಾರಿಗೂ ಗೊತ್ತಿಲ್ಲ.