ಇಡ್ಲಿ ತಟ್ಟೆಯ ಮೇಲಿನ ರೆಗ್ಯುಲೇಟರ್

ಉಗುರಿನಷ್ಟು ಅಗಲದ ಒಂದು ವೋಲ್ಟೇಜ್ ರೆಗ್ಯುಲೇಟರ್ ಬೆಳಿಗ್ಗೆಯಿಂದ ಧರ್ಣಪ್ಪನ ಪ್ರಾಣ ತಿನ್ನುತ್ತಿತ್ತು. ಎರಡು ನಿಮಿಷ ಕರೆಂಟು ಕೊಡುವುದು, ದೋಸೆಕಾವಲಿಯಂತೆ ಕಾಯುವುದು, ಆಮೇಲೆ ತಾನಾಗಿಯೇ ಮುಷ್ಕರ ಹೂಡುವುದು.

ಮಾಣಿ ಪೇಟೆಯಲ್ಲಿ ಮೂವತ್ತು ವರ್ಷ ರೇಡಿಯೋ ರಿಪೇರಿ ಮಾಡಿದವನಿಗೆ ಇದು ಸಣ್ಣ ಅವಮಾನವಲ್ಲ. ಆದರೆ ಇವತ್ತು ಮಾನ ನೋಡುವ ದಿನವೂ ಅಲ್ಲ. ಹೆಂಡತಿ ದಮಯಂತಿ ತೀರಿಕೊಂಡು ಇಂದಿಗೆ ಒಂದು ವರ್ಷ. ಆಸ್ಪತ್ರೆಯಲ್ಲಿ ಆಕೆ ತನ್ನ ಹಳೆಯ ಬಟನ್ ಫೋನ್ ತೋರಿಸಿ, "ಇದರಲ್ಲಿ ನಿಮಗೆ ಕೇಳಿಸ್ಲಿಕ್ಕೆ ಒಂದು ರೆಕಾರ್ಡ್ ಉಂಟು. ಮನೆಗೆ ಹೋದ ಮೇಲೆ ಕೇಳುವ" ಎಂದು ನಕ್ಕಿದ್ದಳು. ಮನೆಗೆ ಫೋನ್ ಮಾತ್ರ ಬಂತು.

ಅದರ ಚಾರ್ಜಿಂಗ್ ತೂತು ಹಾಳಾಗಿತ್ತು, ಬ್ಯಾಟರಿ ಉಬ್ಬಿತ್ತು. ಅಂಥದ್ದೇ ಇನ್ನೊಂದು ಬ್ಯಾಟರಿ ಬೆಳ್ತಂಗಡಿಯಲ್ಲೂ ಸಿಗಲಿಲ್ಲ, ಮೂಡುಬಿದಿರೆಯಲ್ಲೂ ಸಿಗಲಿಲ್ಲ. ಕೊನೆಗೆ ಹಳೆಯದನ್ನೇ ಹೊರತೆಗೆದು ಚಾರ್ಜ್ ಮಾಡಲು ಧರ್ಣಪ್ಪ ಈ ರೆಗ್ಯುಲೇಟರ್ ಹಾಕಿ ತಾನೇ ಒಂದು ಚಾರ್ಜರ್ ಕಟ್ಟಿದ. ಹೆಂಡತಿಯ ಫೋಟೋಗಳು ಬೇಕಾದಷ್ಟಿದ್ದವು, ಧ್ವನಿ ಎಲ್ಲಿಯೂ ಇರಲಿಲ್ಲ. ಈಚೆಗೆ ಅದು ಹೇಗಿತ್ತೆಂಬುದೇ ಅವನಿಗೆ ಮರೆಯತೊಡಗಿತ್ತು.

ಬಿಸಿ ಹೀರಲು ಅಲ್ಯುಮಿನಿಯಂ ಬೇಕಿತ್ತು. ದಮಯಂತಿಯ ಇಡ್ಲಿ ತಟ್ಟೆಯ ನಡುವೆ ತೂತು ಕೊರೆದು ರೆಗ್ಯುಲೇಟರನ್ನು ಸ್ಕ್ರೂ ಹಾಕಿ ಬಿಗಿದ. ಆಕೆ ಇದ್ದಿದ್ದರೆ ಅವನನ್ನೇ ಹಬೆಯಲ್ಲಿ ಬೇಯಿಸುತ್ತಿದ್ದಳು. ಸಾಲದ್ದಕ್ಕೆ ಟೇಬಲ್ ಫ್ಯಾನನ್ನೂ ತಟ್ಟೆಯ ಕಡೆಗೆ ತಿರುಗಿಸಿಟ್ಟ.

ಅಷ್ಟರಲ್ಲಿ ಪಕ್ಕದ ಮನೆಯ ಚಿತ್ರಾ ಬಾಳೆಎಲೆ ಹಿಡಿದು ಬಂದಳು. ದಮಯಂತಿಯ ಹೆಸರಿನಲ್ಲಿ ಎಡೆ ಬಡಿಸುವ ಅಡುಗೆಯೆಲ್ಲ ಅವಳದ್ದೇ.

"ಆ ಫ್ಯಾನ್ ಬಂದ್ ಮಾಡಿ ಧರ್ಣಪ್ಪಣ್ಣ. ದೀಪ ನಂದ್ತದೆ."

"ಒಂದು ಗಂಟೆ ಬೇಕು ಮಾರಾಯ್ತಿ. ಕರೆಂಟು ಬರುವ ಪ್ಲಗ್ ಇರುವುದು ಈ ಕೋಣೆಯಲ್ಲಿ ಮಾತ್ರ."

"ಹಾಗಾದ್ರೆ ಅಕ್ಕ ಕತ್ತಲೆಯಲ್ಲಿ ಊಟ ಮಾಡುವುದಾ?"

ಧರ್ಣಪ್ಪ ಫ್ಯಾನ್ ಆರಿಸಿದ. ಬಂಗುಡೆ ತಂದುಕೊಟ್ಟು ಅಂಗಳದಲ್ಲೇ ನಿಂತಿದ್ದ ಮೀನು ಮಾರುವ ಸಿನಾನ್ ಕಿಟಕಿಯಿಂದ ಇಣುಕಿ, "ಗಾಳಿ ಬೇಡದಿದ್ರೆ ಐಸ್ ಇಡುವ. ನನ್ನ ಮೀನೇ ಮಧ್ಯಾಹ್ನದವರೆಗೆ ತಡೀತದೆ, ಇದೆಂತ ದೊಡ್ಡದು?" ಎಂದ. ಪ್ಲಾಸ್ಟಿಕ್ ಚೀಲಕ್ಕೆ ಐಸ್ ತುಂಬಿ ಗಂಟು ಹಾಕಿ ತಟ್ಟೆಯಡಿಗೆ ತಳ್ಳಿಯೇಬಿಟ್ಟ. ಚಾರ್ಜರ್ ಮೀನು ಮಾರ್ಕೆಟ್ಟಿನಂತೆ ನಾರತೊಡಗಿತು, ಆದರೆ ರೆಗ್ಯುಲೇಟರ್ ತಣ್ಣಗಾಯಿತು.

ಚಿತ್ರಾ ಬಡಿಸಿ, ದೀಪ ಹಚ್ಚಿ, ಎಲ್ಲರನ್ನೂ ಹೊರಗೆ ಕರೆದು ಬಾಗಿಲು ಎಳೆದಳು. ತೀರಿಹೋದವರು ಉಣ್ಣುವಾಗ ಯಾರೂ ನೋಡಬಾರದು. ಒಳಗೆ ಹೆಂಡತಿ ಮತ್ತು ರೆಗ್ಯುಲೇಟರ್, ಹೊರಗೆ ಧರ್ಣಪ್ಪ. ಚಡಪಡಿಸಿ ಸುಸ್ತಾಗಿ ಕಂಬಕ್ಕೊರಗಿದವನಿಗೆ ಜೊಂಪು ಹತ್ತಿತು.

"ನಿಮ್ಮ ಗೊರಕೆ ಹೈವೇಗೆ ಕೇಳ್ತದೆ" ಎಂದು ಚಿತ್ರಾ ಎಬ್ಬಿಸಿದಳು.

"ನಾನು ಗೊರಕೆ ಹೊಡೆಯುವುದಿಲ್ಲ." ದಮಯಂತಿಗೂ ಮೂವತ್ತು ವರ್ಷ ಅವನು ಇದನ್ನೇ ಹೇಳಿದ್ದ.

ಒಳಗಿದ್ದವಳಿಗೆ ತಿಳಿಯಲೆಂದು ಕೆಮ್ಮಿ ಬಾಗಿಲು ತೆರೆದರು. ಐಸಿನ ಚೀಲ ಸೋರಿ ನೀರು ಎಲೆಯ ತುದಿಗೆ ಬಂದಿತ್ತು. "ಅಕ್ಕ ಕೈ ತೊಳೆದಿದ್ದಾರೆ" ಎಂದಳು ಚಿತ್ರಾ ಮೆಲ್ಲಗೆ. ಧರ್ಣಪ್ಪ ಬ್ಯಾಟರಿಯನ್ನು ಫೋನಿಗೆ ಹಾಕಿದ. ಬೆಳಕು ಬಂತು. ಇದ್ದದ್ದು ಒಂದೇ ರೆಕಾರ್ಡ್, ಹನ್ನೊಂದು ನಿಮಿಷದ್ದು. ಅದನ್ನು ಒತ್ತಿ, ಫೋನನ್ನು ಎಲೆಯ ಮುಂದಿಟ್ಟು ಕಣ್ಣು ಮುಚ್ಚಿದ.

ಮೊದಲು ಬಳೆಯ ಸದ್ದು. ಆಮೇಲೆ ಲೋಡು ಹೊತ್ತ ಲಾರಿಯೊಂದು ಘಾಟಿ ಹತ್ತುವ ಸದ್ದು.

"ರೆಕಾರ್ಡ್ ಹಾಳಾಗಿದೆಯಾ?" ಎಂದ ಸಿನಾನ್.

ಚಿತ್ರಾ ಬಾಯಿಗೆ ಸೆರಗು ಒತ್ತಿಕೊಂಡಳು. ನಗುತ್ತಿದ್ದವಳು ಸ್ವಲ್ಪ ಹೊತ್ತಿನಲ್ಲಿ ಅಳತೊಡಗಿದಳು. ಅದು ಧರ್ಣಪ್ಪನ ಗೊರಕೆ.

ಅವನು ಹನ್ನೊಂದು ನಿಮಿಷವೂ ಕೇಳಿದ. ಎಲ್ಲಾದರೂ ಆಕೆ ಒಂದು ಮಾತಾಡಿಯಾಳೆಂದು ಕಾದ. ಗಂಡನಿಗೆ ಎಚ್ಚರವಾದೀತೆಂದು ಆಕೆ ತುಟಿ ಬಿಚ್ಚಿರಲಿಲ್ಲ.

"ಆಯ್ತು, ಗೊರಕೆ ಹೊಡೀತೇನೆ, ಒಪ್ಪಿದೆ" ಎಂದ ಧರ್ಣಪ್ಪ, ಎಲೆಯ ಕಡೆ ನೋಡುತ್ತ. "ಇನ್ನಾದ್ರೂ ಒಂದು ಮಾತಾಡು ಮಾರಾಯ್ತಿ."

ಫೋನು ಒಮ್ಮೆ ಮಿನುಗಿ ಆರಿತು. ಆಮೇಲೆ ಆ ಬ್ಯಾಟರಿಗೆ ಎಷ್ಟು ಐಸ್ ಇಟ್ಟರೂ ಜೀವ ಬರಲಿಲ್ಲ.