ಹಿಂದಿನದು ಬೇಡ, ಮುಂದಿನದು ಹಾಕು

ಮಾತು ಕಡಿಮೆ ಆಡಿ ಕೆಟ್ಟವರು ಲೋಕದಲ್ಲಿ ಯಾರೂ ಇಲ್ಲ ಎಂದು ಕತ್ತರಿರಾಯರು ಬಲವಾಗಿ ನಂಬಿದ್ದರು. (ಈಗ ಕೇಳಿ ನೋಡಿ, ಬೇರೆಯೇ ಹೇಳುತ್ತಾರೆ.) ಅಚ್ಚುಕೂಟದಲ್ಲಿ ಕರಡು ತಿದ್ದುವುದು ಅವರ ಕೆಲಸ. ಯಾರು ಏನು ಬರೆದು ತಂದರೂ ಅದರಲ್ಲಿ ಕಾಲು ಭಾಗ ದಂಡದ ಮಾತು ಎಂದು ಕೆಂಪು ಶಾಯಿಯಲ್ಲಿ ಹೊಡೆದು ಹಾಕುತ್ತಿದ್ದರು. ಆ ಹೆಸರು ಅಂಟಿಕೊಂಡದ್ದು ಹಾಗೆ. ಮನೆಗೆ ಬಂದ ಮೇಲಾದರೂ ಕತ್ತರಿ ಮಡಚಿಡುತ್ತಿದ್ದರೇ ಅಂದರೆ ಅದೂ ಇಲ್ಲ. ಎಲ್ಲದಕ್ಕೂ "ಆಯ್ತು" ಎಂಬ ಒಂದೇ ಪದ. ಊಟ ಆಯಿತೋ, ಅನ್ನ ಮುಗಿಯಿತೋ, ಅಥವಾ ತಾವೇ ಮುಗಿದರೋ, ಹೆಂಡತಿ ಊಹಿಸಿಕೊಳ್ಳಬೇಕು. ಹಣದ ವಿಷಯದಲ್ಲೂ ಅವರದು ಇದೇ ಶೈಲಿ.

ಹೆಂಡತಿಯ ಕೈಯಲ್ಲಿದ್ದದ್ದು ನಿಜವಾದ ಕತ್ತರಿ. ಹಿತ್ತಿಲ ಕಡೆಯ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬೀದಿಯವರ ಬಟ್ಟೆಯನ್ನೆಲ್ಲ ಹೊಲಿಯುತ್ತಿದ್ದಳು. ಎರಡು ಸಲ ಅಳೆದು ಒಂದು ಸಲ ಕತ್ತರಿಸುವುದು ಅವಳ ಪದ್ಧತಿ; ಅಳೆಯದೆಯೇ ಕತ್ತರಿಸುವುದು ಅವರದು. ವರ್ಷಗಟ್ಟಲೆ ಪೆಡಲು ತುಳಿದು ಅವಳ ಮಂಡಿ ಸವೆದುಹೋಗಿತ್ತು. ಅಂಥ ಹೊತ್ತಿನಲ್ಲಿ ಗುಡ್ಡದಾಚೆ ಊರಿನ ದೊಡ್ಡ ಉಡುಪು ಕಾರ್ಖಾನೆಯಿಂದ ಕರೆ ಬಂತು. ಬಟ್ಟೆ ಕತ್ತರಿಸುವ ವಿಭಾಗಕ್ಕೆ ಮೇಲ್ವಿಚಾರಕಿ ಬೇಕು, ಸೋಮವಾರ ಹತ್ತು ಗಂಟೆಗೆ ಕೈಯಾರೆ ಹೊಲಿದ ಒಂದು ಕೋಟು ತನ್ನಿ, ತಡವಾದರೆ ಗೇಟು ತೆಗೆಯುವುದಿಲ್ಲ.

"ಇದು ನನಗೆ ಬೇಕು ರೀ" ಎಂದಳು ಹೆಂಡತಿ. ಇಷ್ಟು ವರ್ಷದಲ್ಲಿ ಅವಳು ತನಗೆಂದು ಏನನ್ನಾದರೂ ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ರಾಯರ ಎದೆ ಒಂದು ಕ್ಷಣ ಕರಗಿತು. ಆಮೇಲೆ ಐರಾವತದ ನೆನಪಾಗಿ ಮತ್ತೆ ಗಟ್ಟಿಯಾಯಿತು.

ಐರಾವತ ಎಂದರೆ ಅವರ ಮುದಿ ಮೋಟಾರ್ ಸೈಕಲ್ಲು. ಬೆಳಗಿನ ಬಸ್ಸು ಆ ಊರು ಮುಟ್ಟುವಷ್ಟರಲ್ಲಿ ಗೇಟು ಮುಚ್ಚಿರುತ್ತದೆ, ಹಾಗಾಗಿ ಅದೇ ಗತಿ. ಅದರ ಹಿಂದಿನ ಟೈರು ಯಜಮಾನರ ತಲೆಯ ಹಾಗೆ ಬೋಳಾಗಿತ್ತು. (ಹೋಲಿಕೆ ಹೆಂಡತಿಯದು.) ಮುಂದಿನದು ಇನ್ನೂ ಗಟ್ಟಿಯಾಗಿತ್ತು.

"ಗುಡ್ಡದ ಇಳಿಜಾರು, ಮೇಲೆ ತಿರುವು ಬೇರೆ. ಕೋಟು ಹಿಡ್ಕೊಂಡು ಹಿಂದೆ ಕೂರೋಳು ನಾನು. ಹಿಂದಿನ ಟೈರು ಹೊಸದು ಹಾಕಿಸ್ದೆ ನಾನು ಹತ್ತಲ್ಲ."

"ಇನ್ನೂ ಓಡುತ್ತೆ."

"ಓಡೋದು ನನಗೂ ಗೊತ್ತು. ನಿಲ್ಲುತ್ತಾ?"

ಶನಿವಾರ ಇಬ್ಬರೂ ಬೀದಿಯ ಕೊನೆಯ ಟೈರಿನ ಅಂಗಡಿಗೆ ಹೋದರು. ಅಂಗಡಿಯವನು ಸುತ್ತಲೂ ಚಕ್ರಗಳನ್ನು ಪೇರಿಸಿಕೊಂಡು ನಡುವೆ ಸ್ಟೂಲಿನ ಮೇಲೆ ಆಸೀನನಾಗುತ್ತಿದ್ದುದರಿಂದ ಬೀದಿಯವರೆಲ್ಲ ಅವನನ್ನು ಚಕ್ರವರ್ತಿ ಎಂದೇ ಕರೆಯುತ್ತಿದ್ದರು. ಚಕ್ರವರ್ತಿ ಮೊದಲು ಒಂದು ಟೈರು ಇಳಿಸಿದ. ಗೆರೆಗಳು ಆಳವಾಗಿದ್ದವು, ಬೆಲೆಯೂ ಆಳವಾಗಿತ್ತು. ರಾಯರ ಮುಖ ನೋಡಿ ಇನ್ನೊಂದನ್ನು ಇಳಿಸಿದ. ಅದು ಅಗ್ಗದ್ದು, ಯಾರು ಮಾಡಿದ್ದೋ ಅದರ ಮೈಮೇಲೂ ಬರೆದಿರಲಿಲ್ಲ. ಹೆಂಡತಿ ಎರಡನ್ನೂ ಬಟ್ಟೆ ನೋಡುವ ಹಾಗೆ ಹೆಬ್ಬೆರಳಿನಲ್ಲಿ ಒತ್ತಿ ನೋಡಿದಳು.

"ಮೊದಲು ತೋರಿಸಿದ್ದೇ ಇರ್ಲಿ. ಈ ಎರಡನೇದು ತೊಳೆದ್ರೆ ಪಿಸಿಯೋ ಜಾತಿ. ಆಯ್ತಾ ರೀ?"

"ಆಯ್ತು" ಎಂದರು ರಾಯರು.

ಮರುದಿನ ಸಂಜೆಗೆ ಸಿಗುತ್ತದೆಂದು ಗಾಡಿಯನ್ನು ಅಲ್ಲೇ ಬಿಟ್ಟು ಬಂದರು. ಆದರೆ ರಾಯರು ರಾತ್ರಿಯೆಲ್ಲ ಆ ಬೆಲೆಯನ್ನೇ ಲೆಕ್ಕ ಹಾಕಿದರು. ಎರಡೂ ಉರುಟು, ಎರಡೂ ಕಪ್ಪು. ಹಾಗಿರುವಾಗ ಅಷ್ಟು ಹೆಚ್ಚು ಕೊಡುವುದು ಯಾವ ನ್ಯಾಯ? ಮರುದಿನ ಮಧ್ಯಾಹ್ನ ಹೆಂಡತಿ ಕೋಟಿಗೆ ಗುಂಡಿ ಹೊಲಿಯುತ್ತಿದ್ದಾಗ ಹಿತ್ತಿಲಿಗೆ ಹೋಗಿ, ಒಣಗಲು ಹಾಕಿದ ಬೆಡ್‌ಶೀಟಿನ ಮರೆಯಲ್ಲಿ ನಿಂತು ಚಕ್ರವರ್ತಿಗೆ ಫೋನು ಮಾಡಿದರು.

"ಹಿಂದಿನದು ಬೇಡ. ಮುಂದಿನದು ಹಾಕು."

ಅಷ್ಟೇ. ಫೋನು ಇಟ್ಟರು. ಹಿಂದೆ ತೋರಿಸಿದ ದುಬಾರಿಯದು ಬೇಡ, ಅದರ ಮುಂದೆ ತೋರಿಸಿದ ಅಗ್ಗದ್ದನ್ನು ಹಾಕು ಎಂದು ತಾತ್ಪರ್ಯ. ನಾಲ್ಕೇ ನಾಲ್ಕು ಪದ, ಒಂದನ್ನೂ ಹೊಡೆದು ಹಾಕುವಂತಿಲ್ಲ. ರಾಯರು ತಮ್ಮ ವಾಕ್ಯವನ್ನು ತಾವೇ ಮೆಚ್ಚಿಕೊಂಡು ಒಳಗೆ ಬಂದರು.

ಸಂಜೆ ಗಾಡಿ ತರಲು ಹೋದಾಗ ಚಕ್ರವರ್ತಿ ಹೇಳಿದ ಮೊತ್ತ ಅವರು ಅಂದುಕೊಂಡದ್ದಕ್ಕಿಂತಲೂ ಕಡಿಮೆ. ಯಾಕೆಂದು ಕೇಳಲಿಲ್ಲ. (ಕೇಳಿದರೆ ಮಾತು ದಂಡ, ಅವನ ಮನಸ್ಸು ಬದಲಾದರೆ ಹಣವೂ ದಂಡ.) ಹಾಡು ಗುನುಗುತ್ತ ಮನೆಯ ಮುಂದೆ ಬಂದು ಇಳಿದರು. ಮುಂದಿನ ಚಕ್ರದಲ್ಲಿ ಹೊಚ್ಚ ಹೊಸ ಟೈರು ಕಪ್ಪಗೆ ಮಿಂಚುತ್ತಿತ್ತು. ಮೆಲ್ಲಗೆ ಹಿಂದಕ್ಕೆ ತಿರುಗಿ ನೋಡಿದರು. ಹಿಂದಿನ ಚಕ್ರದಲ್ಲಿ ಅದೇ ಬೋಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ರಾಯರು ಅಂಗಡಿಗೆ ಓಡಿದರು; ಶಟರು ಇಳಿದಿತ್ತು. ಫೋನು ಮಾಡಿದರು; ಎತ್ತುವವರಿಲ್ಲ. ಹೆಂಡತಿಗೆ ಹೇಳಿಬಿಡಬಹುದಿತ್ತು, ನಿಜ. ಆದರೆ ಹಿಂದಿನದು ಮುಂದಿನದಾದ ಕಥೆ ಹೇಳಬೇಕಾದರೆ ಬೆಡ್‌ಶೀಟಿನ ಹಿಂದೆ ನಿಂತ ಕಥೆಯನ್ನೂ ಹೇಳಬೇಕಾಗುತ್ತದೆ. ಅದಕ್ಕಿಂತ ಗುಡ್ಡವೇ ವಾಸಿ ಎನಿಸಿತು. ಗಾಡಿಯನ್ನು ತಗಡಿನ ಶೆಡ್ಡಿಗೆ ತಳ್ಳಿ, ಹೂವಿನ ಕುಂಡದ ಮಣ್ಣಿಗೆ ನೀರು ಕಲಸಿ, ಬೋಳು ಟೈರಿಗೆ ಸುತ್ತಲೂ ಕೆಸರು ಮೆತ್ತಿದರು. ಜೀವಮಾನವೆಲ್ಲ ಇದ್ದದ್ದನ್ನು ಅಳಿಸುತ್ತ ಬಂದ ಮನುಷ್ಯ ಇಲ್ಲದ್ದನ್ನು ಸೇರಿಸಿದ್ದು ಅದೇ ಮೊದಲು.

"ಟೈರು ಹಾಕಿದ್ರಾ ರೀ?" ಒಳಗಿನಿಂದ ದನಿ ಬಂತು.

"ಹಾಕಿದ್ರು." (ಸುಳ್ಳಲ್ಲ.)

"ಚೆನ್ನಾಗಿದೆಯಾ?"

"ಹೊಳೀತಿದೆ." (ಅದೂ ಸುಳ್ಳಲ್ಲ. ಬೋಳೂ ಹೊಳೆಯುತ್ತದೆ.)

ಇನ್ನೊಂದು ಪ್ರಶ್ನೆ ಬರುವ ಮೊದಲೇ ಗಾಡಿಯ ಕೀಲಿಯನ್ನು ಮೊಳೆಗೆ ಸಿಕ್ಕಿಸಿ, ಪಕ್ಕದ ಬೀದಿಯ ಅಚ್ಚುಕೂಟಕ್ಕೆ ಸಂಜೆ ಪಾಳಿಗೆಂದು ನಡೆದೇ ಹೋದರು.

ಬೆಳಿಗ್ಗೆ ಎದ್ದವರೇ ಶೆಡ್ಡಿಗೆ ಹೋಗಿ ಇಣುಕಿದರು. ಕೆಸರು ಮೆತ್ತಿದ ಹಾಗೆಯೇ ಇತ್ತು. ಆದರೆ ಹೊರಗೆ ರಸ್ತೆ ತೊಯ್ದಿತ್ತು.

"ಬಾಡಿಗೆ ಕಾರು ಕರೀಲಾ?" ಎಂದರು.

ಹೆಂಡತಿ ಅವರ ಹಣೆ ಮುಟ್ಟಿ ನೋಡಿದಳು. "ಜ್ವರ ಇಲ್ಲ. ಹೊಸ ಟೈರು ಇರೋವಾಗ ಕಾರು ಯಾಕೆ? ನಡೀರಿ, ಒಂದು ಗಂಟೆ ಮುಂಚೇನೇ ಹೊರಡೋಣ."

ಊರು ದಾಟುವವರೆಗೆ ಹೇಗೋ ಆಯಿತು. ಗುಡ್ಡದ ರಸ್ತೆ ಶುರುವಾಗುತ್ತಲೇ ರಾಯರು ವೇಗ ಇಳಿಸಿದರು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ. ಆ ಏನೂ ಇಲ್ಲದ ಕಡೆಯನ್ನು ನೋಡದಿರಲು ಅವರು ಬಹಳ ಶ್ರಮಪಟ್ಟರು. ತಾವು ಬಿದ್ದರೆ ಬೀಳಲಿ, ಹಿಂದೆ ಕೂತವಳ ಗತಿ? ಎದೆಗವಚಿಕೊಂಡ ಆ ಕೋಟಿನ ಗತಿ? ತನಗಾಗಿ ಒಂದೇ ಒಂದು ಕೇಳಿದಳು. ಅದನ್ನೂ ನಾನು ಬೋಳು ಟೈರಿನ ಮೇಲೆ ಕೂರಿಸಿದೆನಲ್ಲ ಎಂದು ತಮ್ಮನ್ನೇ ಬೈದುಕೊಂಡರು.

"ಹಿಂದಿನ ಟೈರು ಚೆನ್ನಾಗಿ ಹಿಡಿಯುತ್ತಾ ರೀ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ರಾಯರ ಹೆಗಲು ತಾನಾಗಿಯೇ ನಡುಗಿತು. "ಹೂಂ."

"ಮತ್ತೆ ಯಾಕೆ ಇಷ್ಟು ಮೆಲ್ಲಗೆ? ಆ ಸೈಕಲ್ಲಿನ ಹಾಲಿನವನೂ ಮುಂದೆ ಹೋದ."

"ಕೋಟು ಸುಕ್ಕಾಗುತ್ತೆ."

ಇಳಿಜಾರಿನ ಕೊನೆಯ ತಿರುವಿನಲ್ಲಿ ಒಂದು ಲಾರಿ ರಸ್ತೆಯೆಲ್ಲ ತನ್ನದೇ ಎಂಬಂತೆ ಎದುರಿಗೆ ಬಂತು. ರಾಯರು ಕಣ್ಣು ಮುಚ್ಚಿ ಎರಡೂ ಬ್ರೇಕು ಒತ್ತಿದರು. ಐರಾವತ ನೆಲಕ್ಕೆ ಹೊಲಿದಂತೆ ನಿಂತಿತು. ಲಾರಿ ಹೋದ ಮೇಲೂ ಅವರು ಕಣ್ಣು ತೆರೆಯಲಿಲ್ಲ. ಹಿಂದಿನಿಂದ ಹೆಂಡತಿ ಬೆನ್ನಿಗೆ ತಿವಿದು, "ಹೋಯ್ತು, ನಡೀರಿ" ಎಂದಳು.

ಹತ್ತಕ್ಕೆ ಐದು ನಿಮಿಷ ಇರುವಾಗ ಕಾರ್ಖಾನೆಯ ಗೇಟು ಮುಟ್ಟಿದರು. ಅವಳು ಸೆರಗು ಸರಿಪಡಿಸಿಕೊಂಡು, ಚೀಲದಿಂದ ಕೋಟು ತೆಗೆದು ಕೊಡವಿ, ತಿರುಗಿ ನೋಡದೆ ಒಳಗೆ ಹೋದಳು.

ರಾಯರು ಗೇಟಿನ ಪಕ್ಕದ ಕಲ್ಲಿನ ಮೇಲೆ ಕುಸಿದರು. ಹಿಂತಿರುಗುವಾಗ ಅದೇ ಗುಡ್ಡ ಹತ್ತಬೇಕು. ಬೇಡವೇ ಬೇಡ, ಈ ಊರಲ್ಲೇ ಒಂದು ಟೈರು ಕೊಳ್ಳೋಣ, ದುಬಾರಿಯದೇ ಆಗಲಿ, ಕೇಳಿದಷ್ಟು ಕೊಡೋಣ! ಟೈರಿನ ಅಳತೆ ಓದಲೆಂದು ನಲ್ಲಿಯಿಂದ ಒಂದು ಚೊಂಬು ನೀರು ತಂದು ದಾರಿಯ ಕೆಸರೂ ಸೇರಿ ದಪ್ಪಗಾಗಿದ್ದ ಮೆತ್ತಿನ ಮೇಲೆ ಸುರಿದರು. ಕೆಸರು ಇಳಿಯಿತು. ಕೆಳಗೆ ಹೆಬ್ಬೆರಳು ಹೂತುಹೋಗುವಷ್ಟು ಆಳದ ಗೆರೆಗಳು, ಅಂಚಿನಲ್ಲೆಲ್ಲ ರಬ್ಬರಿನ ಸಣ್ಣ ಸಣ್ಣ ರೋಮಗಳು.

ಕಾವಲುಗಾರ ಬಗ್ಗಿ ನೋಡಿದ. "ಇಷ್ಟು ಒಳ್ಳೆ ಟೈರಿಗೆ ಯಾಕೆ ಸ್ವಾಮಿ ಕೆಸರು ಬಳಿದಿದ್ದೀರಿ? ಇನ್ನೂ ಹುಟ್ಟುಗೂದಲು ಕೂಡ ಉದುರಿಲ್ಲ" ಎಂದವನು ಸುಮ್ಮನೆ ರಾಯರ ತಲೆಯ ಕಡೆ ಒಮ್ಮೆ ನೋಡಿದ.

ಹೆಂಡತಿ ಹೊರಗೆ ಬಂದಾಗ ರಾಯರು ಇನ್ನೂ ಚೊಂಬು ಹಿಡಿದುಕೊಂಡೇ ನಿಂತಿದ್ದರು.

"ಇದು, ಅಂದ್ರೆ ಈ ಹಿಂದಿನ ಚಕ್ರದಲ್ಲಿರೋ ಟೈರು, ಹಿಂದಿನ ಅಂದ್ರೆ ಹಿಂಭಾಗದ, ಇದು ಇಲ್ಲಿಗೆ ಯಾವಾಗ, ಹೇಗೆ, ಯಾರಿಂದ ಬಂತು?" ಅವರ ಬಾಯಿಂದ ಅಷ್ಟು ಉದ್ದದ ವಾಕ್ಯ ಅವಳು ಕೇಳಿದ್ದು ಅಂದೇ ಮೊದಲು.

"ನಿನ್ನೆ ನೀವು ಪ್ರೆಸ್ಸಿಗೆ ಹೋದ ಮೇಲೆ ಚಕ್ರವರ್ತಿ ಬಂದಿದ್ದ, ಬಿಚ್ಚಿದ ಹಳೇ ಟೈರು ಕೊಡೋಕೆ. ನೋಡಿದ್ರೆ ಅದು ಮುಂದಿನ ಚಕ್ರದ್ದು. ಯಾಕಪ್ಪಾ ಅಂದೆ. 'ಹಿಂದಿನದು ಬೇಡ, ಮುಂದಿನದು ಹಾಕು ಅಂದ್ರು ಯಜಮಾನ್ರು' ಅಂದ. ಅವನಿಗೆ ನಿಮ್ಮ ಭಾಷೆ ಅರ್ಥ ಆಗ್ಲಿಲ್ಲ. ನನಗಾಯ್ತು. ಅಂಗಡಿ ತೆಗೆಸಿ, ನಾನು ಆರಿಸಿದ್ದನ್ನೇ ಹಾಕಿಸ್ದೆ."

"ಕೆಸರು?"

"ಪಾಪ, ಅಷ್ಟು ಕಷ್ಟಪಟ್ಟು ಬಳಿದಿದ್ರಿ. ನಿಮ್ಮ ಕೆಲಸ ಹಾಳಾಗಬಾರ್ದು ಅಂತ ಮತ್ತೆ ಬಳಿದೆ. ದಾರಿಯಲ್ಲಾದ್ರೂ ಹೇಳ್ತೀರೇನೋ ಅಂತ ಕಾದೆ ರೀ, ಗುಡ್ಡ ಪೂರ್ತಿ ಕಾದೆ." ನಗುತ್ತಿದ್ದವಳ ಕಣ್ಣು ಒದ್ದೆಯಾಯಿತು. ರಾಯರು ತಲೆ ತಗ್ಗಿಸಿದರು.

"ದುಡ್ಡು?" ಎಂದರು ಮೆಲ್ಲಗೆ.

"ಸಂಜೆ ಬರ್ತಾನೆ. ನಿಮ್ಮ ಹತ್ರಾನೇ ಇಸ್ಕೋ ಅಂದಿದ್ದೀನಿ."

ಅಂತೂ ಒಂದು ಟೈರಿನಲ್ಲಿ ಉಳಿಸಲು ಹೋಗಿ ಎರಡು ಕೊಂಡಂತಾಯಿತು. ಅದನ್ನು ನುಂಗಿಕೊಂಡು ರಾಯರು ಕೇಳಿದರು, "ಕೆಲಸ?"

"ಸಿಕ್ತು. ಮುಂದಿನ ವಾರದಿಂದ."

"ಮುಂದಿನ ಅಂದ್ರೆ, ಯಾವ ಮುಂದಿನ?"

ಅವಳು ಕೋಟಿನ ಖಾಲಿ ಚೀಲವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹಿಂದಿನ ಸೀಟು ಹತ್ತಿ ಕೂತಳು.

"ಮುಂದಿನ ಸಲ, ಹಿಂದೆ ಕೂರೋಳನ್ನ ಕೇಳಿ."

ರಾಯರು ದಾರಿಯುದ್ದಕ್ಕೂ ಆ ವಾಕ್ಯವನ್ನು ಮನಸ್ಸಿನಲ್ಲೇ ತಿದ್ದಲು ನೋಡಿದರು. ಒಂದು ಪದವನ್ನೂ ಹೊಡೆದು ಹಾಕುವಂತಿರಲಿಲ್ಲ.